ಮಹಾಕೂಟಕ್ಕೆ ಹೋಗಿಯೇಬಿಟ್ಟೆ

ಪ್ರವಾಸ ಹೋಗುವುದಕ್ಕಿಂತ ಅದರ ಯೋಜನೆ ಹಾಕುವುದರಲ್ಲೇ ಹೆಚ್ಚು ಸುಖವಿದೆ ಎಂದು ನಂಬಿದವರ ಪೈಕಿ ನಾನೂ ಒಬ್ಬ. ಬೆವರಿಲ್ಲ, ಕಾಲಿಗೆ ಬೊಬ್ಬೆಯಿಲ್ಲ. ಬಾಗಲಕೋಟೆಯ ನವನಗರದಲ್ಲಿ, ನಮ್ಮ ಮನೆಯ ಸೋಫಾದ ಮೇಲೆ ಅಡ್ಡಾಗಿ, ಮೊಬೈಲಿನ ನಕಾಶೆಯಲ್ಲಿ ಬೆರಳಾಡಿಸುತ್ತ ನಾನು ಹತ್ತದ ಗುಡ್ಡ ಈ ಜಿಲ್ಲೆಯಲ್ಲಿ ಉಳಿದಿರಲಿಲ್ಲ. ನನ್ನ ಷರತ್ತು ಇಷ್ಟೇ: ಹೋಗುವುದು ಬರುವುದು ಬಸ್ಸಿನಲ್ಲೇ ಆಗಬೇಕು, ಒಂದು ರಾತ್ರಿ ಹೊರಗೆ ಮಲಗಿ ಮರುದಿನ ಊಟಕ್ಕೆ ಮನೆ ಸೇರಬೇಕು. ಕಾರು ತೆಗೆದುಕೊಂಡು ಹೋದವನು ಕಾರಿಗಾಗಿ ಮತ್ತೆ ಹತ್ತಿದ ಕಡೆಯೇ ಇಳಿಯಬೇಕು. ಬಸ್ಸಿನವನಿಗೆ ಆ ಹಂಗಿಲ್ಲ. ಈ ಕಡೆ ಹತ್ತಿ ಆ ಕಡೆ ಇಳಿದು, ಅಲ್ಲಿಯ ಬಸ್ಸು ಹಿಡಿದರಾಯಿತು. ಈ ತತ್ವವನ್ನು ನಾನು ಪ್ರತಿ ಶನಿವಾರ ಊಟದ ಹೊತ್ತಿಗೆ ಹೆಂಡತಿ ಶೈಲಾಳಿಗೆ ವಿವರಿಸುತ್ತಿದ್ದೆ. ಬಾದಾಮಿ ಬಸ್ಸು, ಅಲ್ಲಿಂದ ಗುಡ್ಡ ದಾಟಿ ಮಹಾಕೂಟ, ಗುಡಿಯ ಹತ್ತಿರ ಒಂದು ನಿದ್ದೆ, ಬೆಳಿಗ್ಗೆ ವಾಪಸು. ಅವಳು "ಹೂಂ" ಅನ್ನುತ್ತಿದ್ದಳು. ನಾನು ಊಟ ಮುಗಿಸಿ ಮಲಗಿಬಿಡುತ್ತಿದ್ದೆ.

ಮೊನ್ನೆಯೊಂದು ಶನಿವಾರ ಮಾತ್ರ ಊಟವಾದ ಮೇಲೆ ಅದೇನೋ ನಿದ್ದೆ ಬರಲಿಲ್ಲ. ಎದ್ದು ಚಾಪೆ ಸುತ್ತಿದೆ, ಚೀಲಕ್ಕೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡೆ. "ನಾ ಹೊಂಟೆ" ಅಂದೆ.

"ಹೂಂ. ಬರೂವಾಗ ಕೊತ್ತಂಬರಿ ತರ್ರಿ" ಅಂದಳು ಶೈಲಾ, ಟೀವಿಯಿಂದ ಕಣ್ಣು ಕೀಳದೆ.

ಬಸ್ ನಿಲ್ದಾಣದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮಾಸ್ತರರು ಸಿಕ್ಕರು. ಕಂಕುಳಲ್ಲಿ ಚಾಪೆ, ಕೈಯಲ್ಲಿ ಕೋಲು ಹಿಡಿದಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿಗ್ರಿ?" ಅಂದರು.

"ಗುಡ್ಡಕ್ಕರಿ. ನಡಕೊಂತ."

"ಮನಿಯವ್ರು?"

"ಒಬ್ಬನ ಹೊಂಟೇನಿ."

"ಏನರ ಹರಕಿ ಐತೇನು?"

"ಏನೂ ಇಲ್ರಿ, ಸುಮ್ನ."

ಮಾಸ್ತರರ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಹರಕೆಗೆ ನಡೆಯುವವರಿದ್ದಾರೆ, ಬಸ್ಸು ತಪ್ಪಿ ನಡೆಯುವವರಿದ್ದಾರೆ, ಡಾಕ್ಟರು ಹೆದರಿಸಿದ್ದಕ್ಕೆ ನಡೆಯುವವರೂ ಇದ್ದಾರೆ. ಸುಮ್ಮನೆ ನಡೆಯುವವನನ್ನು ಅವರು ಕಂಡಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ.

ನಡಿಗೆಯ ಬಗ್ಗೆ ಹೇಳುವುದು ಕಡಿಮೆ. ಬಾದಾಮಿಯ ಕೆಂಪು ಬಂಡೆಗಳು ಮೊಬೈಲಿನಲ್ಲಿ ಕಂಡಷ್ಟು ಚಪ್ಪಟೆಯಾಗಿಲ್ಲ ಎಂಬುದು ಮೊದಲ ಆಘಾತ. ನನ್ನ ಮೊಣಕಾಲುಗಳು ಎರಡೂ ಬೇರೆ ಬೇರೆ ದನಿಯಲ್ಲಿ ಮಾತಾಡುತ್ತವೆಂಬುದು ಎರಡನೆಯದು. ನಾನು ನಿಜಕ್ಕೂ ಬಂದಿದ್ದೇನೆಂಬುದನ್ನು ನನಗೇ ನಂಬಿಸಲು ಹೆಜ್ಜೆಗೊಂದು ಫೋಟೊ ಹೊಡೆದದ್ದರಿಂದ ಗುಡ್ಡ ಇಳಿಯುವ ಮೊದಲೇ ಮೊಬೈಲು ಸತ್ತಿತು. ಮಹಾಕೂಟ ಮುಟ್ಟಿ, ಗುಡಿಯ ಹೊಂಡದಲ್ಲಿ ಕಾಲಿಳಿಬಿಟ್ಟು, ರೊಟ್ಟಿ ತಿಂದು, ಅಲ್ಲಿಯವರು ತೋರಿಸಿದ ಪಡಸಾಲೆಯಲ್ಲಿ ಚಾಪೆ ಹಾಸಿದವನಿಗೆ ಬೆಳಗಾದದ್ದೇ ಗೊತ್ತು.

ಮುಖ ತೊಳೆದು ಚಹಾ ಕುಡಿಯುತ್ತ ನಿಂತಿದ್ದೆ. ಬಾದಾಮಿಯಿಂದ ಬಸ್ಸು ಬಂತು. ಮೊದಲು ಇಳಿದವರು ಇಳಕಲ್ಲಿನ ನನ್ನ ಮಾವ. ಹಿಂದೆ ಶೈಲಾ, ಅತ್ತು ಅತ್ತು ಕಣ್ಣು ಮೆಣಸಿನಕಾಯಿ. ನನ್ನ ಕೈಯಲ್ಲಿನ ಚಹಾ ಅಂಗಿಯ ಮೇಲಾಯಿತು. ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ! ಅತ್ತೆಯವರಿಗೆ ಬೇರೆ ಬಿ.ಪಿ. ಇತ್ತು.

ಓಡಿಹೋಗಿ ಮಾವನವರ ಕೈ ಹಿಡಿದೆ. "ಯಾರು ಹೋದ್ರು, ಮಾವಾರ?"

"ಯಾರು ಹೋದ್ರು ಅಂದ್ರ?" ಮಾವ ಗುಡುಗಿದರು. "ನೀವ ಹೋಗಿದ್ರಲ್ಲ ಮಾರಾಯ್ರ!"

ಆಮೇಲೆ ತಿಳಿಯಿತು. ಮಾಸ್ತರರು ನೇರ ನಮ್ಮ ಮನೆಗೆ ಹೋಗಿ, "ಸಾಹೇಬ್ರು ಹಾಸಿಗಿ ಸುತ್ತಕೊಂಡು ಗುಡ್ಡಕ್ಕ ಹ್ವಾದ್ರು. ಧೈರ್ಯ ತಗೊಳವಾ" ಅಂದಿದ್ದರು. ಶೈಲಾ ಫೋನು ಮಾಡಿದರೆ ಸ್ವಿಚ್ ಆಫ್. ಅಳಿಯ ಸನ್ಯಾಸ ತಗೊಂಡ ಎಂಬ ಸುದ್ದಿ ಹುನಗುಂದ ದಾಟಿ ಇಳಕಲ್ಲಿಗೆ ಮುಟ್ಟಲು ಬಸ್ಸಿಗಿಂತ ಕಡಿಮೆ ಹೊತ್ತು ಹಿಡಿದಿತ್ತು. ಸಿಕ್ಕ ಬಸ್ಸು ಹತ್ತಿ ಮಾವ ಬಂದಿದ್ದರು.

"ನಾ ನಿನಗ ಹೇಳಿ ಬಂದಿದ್ದೆನಲ್ಲ!" ಅಂದೆ ಶೈಲಾಳಿಗೆ.

"ಪ್ರತಿ ಶನಿವಾರ ಹೇಳ್ತಿದ್ರಿ. ಖರೇನ ಹೋಗ್ತೀರಿ ಅಂತ ಯಾರಿಗೆ ಗೊತ್ತಿತ್ತು?" ಅಂದವಳು ಮತ್ತೆ ಅತ್ತಳು. "ರಾತ್ರಿಯೆಲ್ಲಾ ನಾ ಏನ್ ತಪ್ಪು ಮಾಡೀನಿ ಅಂತ ಕುಂತಿದ್ದೆ."

ಹೊಂಡದ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಅಳು ಇಳಿದ ಮೇಲೆ ಕೇಳಿದೆ: "ಇಲ್ಲೇ ಅದೇನಿ ಅಂತ ಹೆಂಗ ಗೊತ್ತಾತು?"

"ನಿಮ್ಮ ಪ್ಲಾನ್ ನನಗ ಬಾಯಿಪಾಠ ಐತಿ. ಗುಡ್ಡ ಒಂದ ಬಿಟ್ಟು ನೀವು ಹೇಳಿದ್ಹಂಗ ಬಂದ್ವಿ, ಎಲ್ಲಾ ಬಸ್ ಸಿಕ್ಕವು."

ನನ್ನ ಯೋಜನೆಗೆ ಸಿಕ್ಕ ಮೊದಲ ಪ್ರಶಂಸೆ ಅದು. ಹಿಗ್ಗುವಷ್ಟರಲ್ಲಿ ಮಾವ ಧೋತರ ಮೇಲೆ ಕಟ್ಟಿ ಗುಡ್ಡದ ಕಡೆ ನೋಡುತ್ತಿದ್ದರು. "ಹಿಂಗ ಹೋದ್ರ ಬಾದಾಮಿಗೆ ಇಳೀತದೇನು? ಬಾರವಾ ಶೈಲಾ, ಇಲ್ಲಿತನಕ ಬಂದೇವಿ, ನೋಡೇ ಬಿಡೂಣು." ಅವಳು ಕಣ್ಣೊರೆಸಿಕೊಂಡು, ಸೆರಗು ಸಿಗಿಸಿ ಎದ್ದೇಬಿಟ್ಟಳು! ನನಗೋ ಏಳುವುದಕ್ಕೇ ಕಂಬ ಬೇಕಿತ್ತು. ಅವರ ಚೀಲಗಳನ್ನೆಲ್ಲ ನನ್ನ ಹೆಗಲಿಗೇರಿಸಿ ಇಬ್ಬರೂ ಗುಡ್ಡದ ಮೆಟ್ಟಿಲು ಹತ್ತಿ ಮರೆಯಾದರು. ನಾನು ಕುಂಟುತ್ತ, ಅವರು ಬಂದಿಳಿದು ಇನ್ನೂ ನಿಂತೇ ಇದ್ದ ಬಸ್ಸಿನತ್ತ ಹೋದೆ.

ಕಂಡಕ್ಟರ್ ನನ್ನನ್ನೂ ಚೀಲಗಳನ್ನೂ ನೋಡಿದ. "ಬರೂವಾಗ ಅಳಕೊಂತ ಬಂದಿದ್ರಲ್ಲ, ಆ ಅಕ್ಕಾರು ಎಲ್ರಿ?"

"ಗುಡ್ಡ ಹತ್ತಿ ಹೋದ್ರು" ಅಂದೆ.

"ನಿಮ್ಮನ್ನ ಬಿಟ್ಟು?"

"ಹೌದು."

ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. "ಇರ್ಲಿ ಬಿಡ್ರಿ. ಮುಂದ ಕುಂಡರ್ರಿ, ಅಲ್ಲಿ ಕುಲುಕಾಟ ಕಮ್ಮಿ."