ಅತ್ತೆ ಕೇಳಿಸಿಕೊಳ್ಳಲು ಕಲಿತದ್ದು

ನಮ್ಮ ಅತ್ತೆಯ ಎದುರು ಯಾರಾದರೂ ಒಂದು ಮಾತನ್ನು ಪೂರ್ತಿ ಹೇಳಿ ಮುಗಿಸಿದ್ದುಂಟೇ? ನಾನಂತೂ ಕಂಡಿರಲಿಲ್ಲ. ಅಪ್ಪನ ಅಕ್ಕ ಅವರು. "ಅತ್ತೆ, ನಾಳೆ..." ಎನ್ನುವಷ್ಟರಲ್ಲಿ "ಬರ್ತೀನಿ, ಬಸ್ಸಾರು ಮಾಡ್ಸಿಡು" ಎಂದು ಉತ್ತರ ಬಂದಿರುತ್ತಿತ್ತು. ಮದುವೆಯೊಂದರಲ್ಲಿ ಪುರೋಹಿತರ ಮಂತ್ರವನ್ನೇ ಅರ್ಧಕ್ಕೆ ನಿಲ್ಲಿಸಿ, "ಊಟಕ್ಕೆ ಹೊತ್ತಾಯ್ತು, ಮುಂದಕ್ಕೆ ಹೋಗಿ ಸ್ವಾಮಿ" ಎಂದಿದ್ದವರು!

ಲಕ್ವ ಹೊಡೆದು ಅಪ್ಪನ ಮಾತು ತೊದಲಾದ ಮೇಲೂ ಅವರು ಬದಲಾಗಲಿಲ್ಲ. ಅಪ್ಪ ಬಾಯಿ ತೆರೆದರೆ ಸಾಕು, "ಕಾಫಿ ತಾನೇ?" ಎಂದು ಲೋಟ ಹಿಡಿಯುತ್ತಿದ್ದರು. ಮನೆಯವರು ನಾವೇನು ಕಡಿಮೆ? ಅಪ್ಪ ಏನೇ ಹೇಳಲಿ, "ಹೂಂ ಅಪ್ಪ, ಹೂಂ". ಅಪ್ಪ ಬರಬರುತ್ತಾ ಮಾತನ್ನೇ ಬಿಡುತ್ತಾ ಬಂದರು. ಹೀಗೇ ಒಂದು ದಿನ ಪೂರ್ತಿ ಸುಮ್ಮನಾಗಿಬಿಡುತ್ತಾರೇನೋ ಎಂದು ನನಗೆ ಒಳಗೇ ಭಯ.

ಈ ಮಧ್ಯೆ ಅಲ್ಲಾಳಸಂದ್ರದಲ್ಲಿ ಅತ್ತೆಯ ಮನೆ ಮುಂದಿನ ಚರಂಡಿಯ ಚಪ್ಪಡಿ ಒಡೆದು ಬಿತ್ತು. ದೂರು ಕೊಡಲು ವಾರ್ಡ್ ಕಚೇರಿಗೆ ಹೋದವರ ಗಂಟಲು ಕೇಳಿ, ಅಲ್ಲಿದ್ದ ಯಾರೋ ಒಬ್ಬರು "ನಿಮ್ಮಂಥೋರೇ ಬೇಕು ಕಣಮ್ಮ" ಎಂದು ನಾಗರಿಕ ನಾಯಕತ್ವದ ತರಬೇತಿಗೆ ಸೇರಿಸಿಬಿಟ್ಟರು. ಭಾನುವಾರ ಭಾನುವಾರ ಯಲಹಂಕದ ಶಾಲೆಯೊಂದರಲ್ಲಿ ತರಗತಿ. ಭಾಷಣ ಮಾಡಿಸುತ್ತಾರೆಂದು ರೇಷ್ಮೆ ಸೀರೆ ಉಟ್ಟು ಹೋದ ಅತ್ತೆಗೆ ಅಲ್ಲಿ ಮೊದಲು ಕಲಿಸಿದ್ದು ಬಾಯಿ ಮುಚ್ಚಿಕೊಳ್ಳುವುದನ್ನು. ಎದುರಿನವರು ಹೇಳಿದ್ದನ್ನು ಅವರಿಗೇ ತಿರುಗಿ ಹೇಳಬೇಕು. ಅವರು ಹೌದೆಂದ ಮೇಲಷ್ಟೇ ನಮ್ಮ ಮಾತು. ಇದು ಅಲ್ಲಿಯ ನಿಯಮ.

ಅತ್ತೆ ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಸೊಪ್ಪಿನವಳು "ಇವತ್ತಿಂದೇ ಸೊಪ್ಪು" ಎಂದಳೋ, ಶುರು.

"ಎಲ್ಲಾ ಇವತ್ತಿನ ಸೊಪ್ಪೇ ಅಂದೆ. ಸರೀನಾ?"

ಅವಳು ಬುಟ್ಟಿಯ ಕಡೆ ಒಮ್ಮೆ ನೋಡಿಕೊಂಡು, "ನಿನ್ನೇದೂ ಸ್ವಲ್ಪ ಇದೆ ಕಣಮ್ಮ" ಎಂದಳು.

ವಾರ್ಡ್ ಸಭೆಗೆ ನಾನೂ ಜೊತೆಗೆ ಹೋಗಿದ್ದೆ. ಚಪ್ಪಡಿಯ ವಿಷಯಕ್ಕೆ ಇಂಜಿನಿಯರು, "ನೋಡೋಣಮ್ಮ, ಮಾಡ್ಸೋಣ" ಎಂದರು. ಹಳೆಯ ಅತ್ತೆಯಾಗಿದ್ದರೆ ಅಷ್ಟು ಹೇಳಲೂ ಬಿಡುತ್ತಿರಲಿಲ್ಲ. ಈಗ ಕೈಕಟ್ಟಿ ನಿಂತು, "ನೋಡೋಣ ಅಂದ್ರಿ, ಆಮೇಲೆ ಮಾಡ್ಸೋಣ ಅಂದ್ರಿ. ಯಾವತ್ತು ಅಂತ ನೀವು ಹೇಳ್ಲಿಲ್ಲ, ಅದಕ್ಕೆ ನಾನೂ ಹೇಳ್ತಿಲ್ಲ. ಸರೀನಾ ಸಾರ್?" ಎಂದರು. ಸಭೆಯೆಲ್ಲ ಇಂಜಿನಿಯರ ಮುಖ ನೋಡತೊಡಗಿತು. ಅವರು ಶುಕ್ರವಾರ ಎಂದರು. ಶುಕ್ರವಾರ ಚಪ್ಪಡಿ ಬಂತು.

ಅದಾದ ಭಾನುವಾರ ಅತ್ತೆ ತರಗತಿ ಮುಗಿಸಿಕೊಂಡು ನಮ್ಮ ಮನೆಗೆ ಬಂದರು. ಮಂಚದ ಮೇಲಿದ್ದ ಅಪ್ಪ ಏನೋ ಹೇಳಿದರು. ನಾನು ಅಭ್ಯಾಸದಂತೆ "ಹೂಂ ಅಪ್ಪ" ಎಂದೆ.

"ಏನು ಹೂಂ? ಅವ್ನು ಏನ್ ಹೇಳ್ದ, ಹೇಳು ನೋಡೋಣ," ಎಂದರು ಅತ್ತೆ.

ಅತ್ತೆ ಕುರ್ಚಿ ಎಳೆದುಕೊಂಡು ತಮ್ಮನ ಮುಖದ ಹತ್ತಿರ ಕೂತರು.

"ಕಾಫಿ ಅಂದ್ಯೇನೋ?"

ಅಪ್ಪ ತಲೆಯಾಡಿಸಿದರು. ಅಲ್ಲ.

"ಕಿಟಕಿ ಮುಚ್ಚು ಅಂದ್ಯಾ?"

ಅಲ್ಲ. ಅಪ್ಪ ಸೋತು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಮುಗಿಯಿತು ಎಂದುಕೊಂಡೆ.

"ಇನ್ನೊಂದ್ಸಲ ಹೇಳೋ. ನಂಗೇನೂ ಅರ್ಜೆಂಟಿಲ್ಲ," ಎಂದರು ಅತ್ತೆ. ಜೀವಮಾನದಲ್ಲಿ ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅಪ್ಪ ಈ ಕಡೆ ತಿರುಗಿದರು. ಒಂದೊಂದೇ ಮಾತು, ತಡವರಿಸುತ್ತಾ. ಅತ್ತೆ ಒಂದೊಂದನ್ನೂ ತಿರುಗಿ ಹೇಳಿದರು. ತಪ್ಪಾದರೆ ಮತ್ತೆ ಕೇಳಿದರು. ತಂದಿಟ್ಟ ಕಾಫಿ ಆರಿಹೋಯಿತು. ಕೊನೆಗೆ ಅತ್ತೆ ನಿಧಾನವಾಗಿ ಎಲ್ಲವನ್ನೂ ಜೋಡಿಸಿ ಹೇಳಿದರು.

"ನಂಗೆ ಬುದ್ಧಿ ಹೋಗಿಲ್ಲ. ಅರ್ಥ ಆಗ್ದಿದ್ರೆ ಹೂಂ ಅನ್ಬೇಡಿ. ಇದೇ ತಾನೇ ನೀನು ಹೇಳಿದ್ದು?"

ಅಪ್ಪನ ಕಣ್ಣು ತುಂಬಿ ಬಂತು. ಅಕ್ಕನ ಕೈ ಹಿಡಿದುಕೊಂಡು, "ಹೂಂ" ಎಂದರು.