ರೇಷ್ಮೆ ಮನೆಯ ಆಲ್ಬಂ

ನಮ್ಮ ಮನೆಗೆ ನೆಂಟರು ಕಡಿಮೆ, ಪ್ರಸಂಗಗಳು ಜಾಸ್ತಿ. ಪೂಜೆ ಮುಗಿಸಿ ಜಗಲಿಗೆ ಬರುವಷ್ಟರಲ್ಲಿ ಒಂದಲ್ಲ ಒಂದು ಬಂದು ಕೂತಿರುತ್ತದೆ. ಎದ್ದು ಹೋಗು ಎನ್ನುವ ಶಕ್ತಿ ನನಗೆ ಈಗ ಇಲ್ಲ. ಹೋದ ವರ್ಷ ಬಂದದ್ದು ಡ್ರಮ್ಸು.

೧. ಮಡಿ

ನನ್ನ ಮಗಳು ಒಂದು ಹಾರ್ಡ್ ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಾಳೆ. ಅವರ ಎರಡು ಆಲ್ಬಂಗಳು ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗಿರಲಿಲ್ಲ. ಮೂರನೆಯದಕ್ಕೆ ಹೊರಟಾಗ ಅವಳೇ ಹೇಳಿದಳು: "ಅಪ್ಪ, ಇದೂ ಹಿಡೀಲಿಲ್ಲ ಅಂದ್ರೆ ಡ್ರಮ್ಸ್ ಅಟ್ಟಕ್ಕೆ ಹಾಕ್ತೀನಿ. ಶ್ರೀನಿವಾಸಪುರದ ಸ್ಕೂಲಲ್ಲಿ ಕರೀತಿದಾರಲ್ಲ, ಗಣಿತದ ಮೇಡಂ ಆಗ್ತೀನಿ."

ಅವತ್ತಿನಿಂದ ನನ್ನ ಹೆಂಡತಿ ಆಲ್ಬಂ ಗೆಲ್ಲಲಿ ಎಂದು ತುಪ್ಪದ ದೀಪ ಹಚ್ಚತೊಡಗಿದಳು. ನಾನು ಅದೇ ದೀಪದ ಮುಂದೆ ಕಣ್ಣು ಮುಚ್ಚಿ ಸ್ಕೂಲನ್ನು ನೆನೆಯುತ್ತಿದ್ದೆ.

ರೆಕಾರ್ಡಿಂಗಿಗೆ ಜಾಗ ಬೇಕಿತ್ತು. ನಮ್ಮ ರೇಷ್ಮೆ ಮನೆ ಆಗ ಖಾಲಿ. ಮುಂದಿನ ಬೆಳೆಯ ಹುಳು ಬರಲು ಹದಿನೈದು ದಿನವಿತ್ತು. ದಪ್ಪ ಗೋಡೆ, ಸುತ್ತ ಹಿಪ್ಪುನೇರಳೆ ತೋಟ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದರೆ ಸದ್ದು ಗುಂಯ್‌ಗುಡುವುದಿಲ್ಲವಂತೆ. ನಾನು ಒಂದೇ ಷರತ್ತು ಹಾಕಿದೆ. ಹುಳು ಇರಲಿ ಬಿಡಲಿ, ಚಪ್ಪಲಿ ಬಿಟ್ಟು ಬ್ಲೀಚಿಂಗ್ ನೀರಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು.

ಉದ್ದ ಕೂದಲು, ತೋಳು ತುಂಬ ಹಚ್ಚೆ, ಕುತ್ತಿಗೆಯಲ್ಲಿ ಸರಪಳಿ ಇದ್ದ ಹುಡುಗರು ಸಾಲಾಗಿ ನಿಂತು ಒಬ್ಬೊಬ್ಬರೇ ಕಾಲದ್ದಿದರು. ಪಕ್ಕದ ತೋಟದವನು ಬೇಲಿಯಾಚೆಯಿಂದ ನೋಡಿ ಕೈ ಮುಗಿದ. "ಯಾವ ಮಠದೋರಣ್ಣ ಇವ್ರು? ಮಡಿ ಜೋರಾಗಿದೆ."

೨. ಕಷಾಯ

ಹಾಡುವವನು ಮುಳಬಾಗಿಲು ಕಡೆಯವನು, ಮನೆಮಾತು ತೆಲುಗು. ಅವನು ಹಾಡಿದರೆ ಒಣಗಿದ ಸೌದೆ ಸೀಳಿದ ಹಾಗೆ. ಮೊದಲ ದಿನವೇ ನನ್ನ ಹೆಂಡತಿ ಮೆಣಸು, ಶುಂಠಿ, ತುಳಸಿ ಕುದಿಸಿ ಲೋಟ ಹಿಡಿದು ನಿಂತಳು.

"ಅತ್ತಾ, ಇದು ಕಾಯಿಲೆ ಕಾದು, ಅಲ್ವೇ ಅಲ್ಲ, ಸ್ಟೈಲು," ಎಂದ ಅವನು.

"ಕಾಯಿಲೆಯವರೆಲ್ಲ ಮೊದಲು ಹಾಗೇ ಅನ್ನೋದು. ಕುಡಿ."

ಹೊತ್ತಿಗೆ ಮೂರು ಲೋಟ ಕುಡಿಸಿದಳು. ನಾಲ್ಕನೇ ದಿನ ಅವನು ಬಾಯಿ ತೆರೆದರೆ ಜೇನು ಸುರಿದ ಹಾಗೆ. ಗಿಟಾರಿನ ಹುಡುಗ ಗಿಟಾರು ಕೆಳಗಿಟ್ಟು ತಲೆ ಮೇಲೆ ಕೈ ಹೊತ್ತ. "ಏನ್ ಮಾಡ್ಬಿಟ್ರಿ ಆಂಟಿ, ಇವನ ಗಂಟಲು ವಾಸಿ ಆಗೋಯ್ತು."

ಕೋಲಾರಕ್ಕೆ ಕರೆದುಕೊಂಡು ಹೋಗಿ, ಎರಡು ದಿನ ಐಸ್‌ಕ್ಯಾಂಡಿ ತಿನ್ನಿಸಿ, ಕೆಡಿಸಿಕೊಂಡು ಬಂದರು. ಅದಕ್ಕೆ ಮುಂಚೆ ಒಂದು ಸಂಜೆ ನಾನು ಅವನನ್ನು ನಮ್ಮ ಶನಿವಾರದ ಭಜನೆಗೆ ಕೂರಿಸಿಕೊಂಡಿದ್ದೆ. ಭಜನೆಯವರು ಈಗಲೂ ಕೇಳುತ್ತಾರೆ, ಆ ಹುಡುಗನಿಗೆ ಮತ್ತೆ ಯಾವಾಗ ವಾಸಿಯಾಗುತ್ತೆ ಅಂತ.

೩. ತಲೆಬುರುಡೆ

ಆಲ್ಬಂ ಮೇಲೆ ಹಾಕಲು ಭಯಂಕರವಾದ ಒಂದು ಕಲ್ಲಿನ ತಲೆಬುರುಡೆಯ ಫೋಟೋ ಬೇಕಾಯಿತು. ದೇವರ ವಿಗ್ರಹ ಕೆತ್ತುವ, ನನಗೆ ಪರಿಚಯದ ಶಿಲ್ಪಿಯೊಬ್ಬರು ಶಿವಾರಪಟ್ಟಣದಲ್ಲಿದ್ದಾರೆ. ಮಗಳನ್ನು ಕರೆದುಕೊಂಡು ಹೋದೆ. ಅವರು ಬಹಳ ಹೊತ್ತು ಯೋಚಿಸಿ, ಆಗಲಿ ಎಂದರು.

ವಾರ ಬಿಟ್ಟು ಹೋದರೆ, ಬುರುಡೆ ಮಂದಹಾಸ ಬೀರುತ್ತಿತ್ತು. "ಇದು ನಗ್ತಿದೆಯಲ್ಲ," ಎಂದಳು ಮಗಳು.

"ನಾನೇನು ಮಾಡ್ಲಮ್ಮ? ಕೈ ತಾನೇ ಹಾಗೆ ಹೋಗುತ್ತೆ. ಮುಖ ಅಂದ್ಮೇಲೆ ಪ್ರಸನ್ನವಾಗಿರಬೇಕು."

ಬೇರೆ ಮಾಡಿಸಲು ಸಮಯವಿರಲಿಲ್ಲ. ಗಾಡಿಗೆ ಹಾಕುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಪ್ರತಿಷ್ಠೆ ಯಾವತ್ತು ಸ್ವಾಮಿ? ಕಣ್ಣು ಬಿಡಿಸೋಕೆ ನಾನೇ ಬರಬೇಕು."

೪. ನೊಣ

ಹುಳು ಬರಲು ಒಂದೇ ದಿನ ಬಾಕಿ. ಸಂಜೆಯೊಳಗೆ ಮನೆ ತೊಳೆದು ಔಷಧಿ ಹೊಡೆಯಬೇಕು. ಕೊನೆಯ ಹಾಡು ಉಳಿದಿತ್ತು. ಅದರ ನಡುವೆ ಎಲ್ಲರೂ ಗಕ್ಕನೆ ನಿಲ್ಲಿಸಿ, ಉಸಿರು ಹಿಡಿದು, ಮತ್ತೆ ಒಟ್ಟಿಗೆ ಮೇಲೆ ಬೀಳುವ ಒಂದು ಜಾಗವಿತ್ತು.

ನಾನು ಸುಣ್ಣದ ಬುಟ್ಟಿ ಹೊತ್ತು ಬಂದೆ. ನೋಡಿದರೆ ಬಲೆ ಬಾಗಿಲು ತೆರೆದಿದೆ. ರೇಷ್ಮೆ ಮಾಡುವವರಿಗೆ ಗೊತ್ತು: ಊಜಿ ನೊಣ ಒಂದು ಒಳಗೆ ಹೊಕ್ಕು ಹುಳುವಿನ ಮೇಲೆ ಮೊಟ್ಟೆಯಿಟ್ಟರೆ ಬೆಳೆ ಮುಗಿಯಿತು. ಒಳಗೆ ಒಂದು ಹುಳುವೂ ಇಲ್ಲ ಎಂಬುದು ನನ್ನ ತಲೆಗೆ ಗೊತ್ತಿತ್ತು. ಮೂವತ್ತು ವರ್ಷ ಕೂಗಿದ ಬಾಯಿಗೆ ಗೊತ್ತಿರಲಿಲ್ಲ.

"ಬಾಗಿಲು ಹಾಕ್ರಲೇ, ನೊಣ ನುಗ್ಗುತ್ತೆ."

ಸರಿಯಾಗಿ ಆ ಮೌನದಲ್ಲಿ ಬಿತ್ತು. ಅದರ ಹಿಂದೆಯೇ ಮಗಳ ಡ್ರಮ್ಸು. ಹಾಡು ಮುಗಿದ ಮೇಲೆ ಕೇಳಿದೆ, "ಹಾಳು ಮಾಡಿದ್ನೇನಮ್ಮ?"

"ಇನ್ನೊಂದ್ಸಲ ಬಾರಿಸೋಕೆ ಟೈಮೆಲ್ಲಿದೆ ಬಿಡಪ್ಪ," ಎಂದಳು.

ಹಾಗೇ ಬಿಟ್ಟರು. ಆಲ್ಬಂ ಬಂದ ಮೇಲೆ ಜನಕ್ಕೆ ಹಿಡಿದದ್ದು ಅದೇ ಹಾಡು. ಮಾಲೂರಿನ ಬಸ್ಸಿನಲ್ಲಿ ಕಾಲೇಜು ಹುಡುಗರು ಡ್ರೈವರಿಗೆ ನನ್ನ ಮಾತು ಕೂಗುವುದನ್ನು ಕಿವಿಯಾರೆ ಕೇಳಿದೆ. ಮನೆಗೆ ಬಂದು ಹೇಳಿದೆ. ಹೆಂಡತಿ ದೀಪಕ್ಕೆ ತುಪ್ಪ ಹಾಕುತ್ತ ಹೇಳಿದಳು: "ನಾನು ಬೇಡಿಕೊಂಡೆ ಅಷ್ಟೇ. ಕೆಲಸ ಮಾಡಿದ್ದು ನೀವು."

೫. ಬಾಗಿಲು

ಆದರೂ ನಾನು ಆಸೆ ಬಿಟ್ಟಿರಲಿಲ್ಲ. ಕೋಲಾರದ ಒಂದು ಸಭಾಂಗಣದಲ್ಲಿ ಅವರ ಕಾರ್ಯಕ್ರಮವಿತ್ತು. ಕಿವಿಗೆ ಹತ್ತಿ ತುರುಕಿಕೊಂಡು ಹೋಗಿ ಕೂತೆ. ಕೂರಲು ಜಾಗವಿಲ್ಲದೆ ಗೋಡೆಯುದ್ದಕ್ಕೂ ಜನ ನಿಂತಿದ್ದರು. ನನಗೆ ಮಾತ್ರ ಶ್ರೀನಿವಾಸಪುರದ್ದೇ ಚಿಂತೆ. ಸ್ಕೂಲಿನವರು ಅವತ್ತೇ ಉತ್ತರ ಕೇಳಿದ್ದರು. ಈ ಗದ್ದಲ ಎಷ್ಟು ದಿನದ್ದು, ಇನ್ನೊಂದು ತಿಂಗಳು ಜಾಗ ಹಿಡಿದಿಟ್ಟಿರಿ ಎಂದು ಹೆಡ್‌ಮಾಸ್ಟರಿಗೆ ಗುಟ್ಟಾಗಿ ಫೋನ್ ಮಾಡೋಣವೆಂದು ಮೆಲ್ಲಗೆ ಎದ್ದೆ.

ಹಿಂದಿನ ಬಾಗಿಲಿಗೆ ಹೋಗಿ ತೆರೆದೆ. ಅದೇ ಗಳಿಗೆಗೆ ವೇದಿಕೆಯಲ್ಲಿ ಎಲ್ಲರೂ ಗಕ್ಕನೆ ನಿಲ್ಲಿಸಿದರು. ಸಭಾಂಗಣಕ್ಕೆ ಸಭಾಂಗಣವೇ ಒಂದೇ ಗಂಟಲಲ್ಲಿ ಕೂಗಿತು:

"ಬಾಗಿಲು ಹಾಕ್ರಲೇ, ನೊಣ ನುಗ್ಗುತ್ತೆ."

ನನಗೇ ಹೇಳಿದರೆಂದು ನನ್ನ ಕೈ ತಾನಾಗಿ ಬಾಗಿಲು ಹಾಕಿತು. ಹಾಕಿ, ಅಗಳಿಯನ್ನೂ ಹಾಕಿ ನೋಡಿಕೊಂಡರೆ, ನಾನು ಒಳಗೇ ನಿಂತಿದ್ದೆ.