ಭಾವನ ಕೊರಿಯಾ, ನನ್ನ ಆರು ಕಪ್ ಕಾಫಿ

ಕೊರಿಯಾದ ಶ್ರೀಮಂತರ ಮನೆಯ ಒಳಗುಟ್ಟು ನಮ್ಮ ಭಾವನಿಗೆ ಗೊತ್ತಿರುವಷ್ಟು ಸ್ವತಃ ಕೊರಿಯಾದ ಶ್ರೀಮಂತರಿಗೂ ಗೊತ್ತಿರಲಾರದು! ಯಾವ ಕಂಪನಿ ಮಾಲೀಕನ ಎರಡನೇ ಸೊಸೆ ಯಾರಿಗೆ ಹೊಂಚು ಹಾಕಿದ್ದಾಳೆ, ಅಪ್ಪನ ಕುರ್ಚಿಗಾಗಿ ಯಾವ ಮಗ ಯಾರ ಕಾರಿನ ಬ್ರೇಕ್ ಸಡಿಲ ಮಾಡಿಸಿದ, ಯಾವ ಅಜ್ಜಿ ಉಯಿಲನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದಾಳೆ, ಎಲ್ಲವೂ ಅವರಿಗೆ ಬಾಯಿಪಾಠ. ಭಾವ ಕೊರಿಯಾ ಕಂಡವರಲ್ಲ. ಅಲ್ಲಿಯ ಭಾಷೆ ಬಾರದು. ಇನ್ನೂ ಸ್ವಾರಸ್ಯವೆಂದರೆ, ಈ ಗುಟ್ಟುಗಳೆಲ್ಲ ಬರುವ ಕೊರಿಯನ್ ಧಾರಾವಾಹಿಯ ಒಂದೇ ಒಂದು ಕಂತನ್ನೂ ಅವರು ಪೂರ್ತಿ ನೋಡಿಲ್ಲ!

ಅದು ಹೇಗೆ ಎಂದು ಕೇಳುತ್ತೀರಿ. ನನ್ನ ಅಕ್ಕನ ಗಂಡನಾದ ಈ ಭಾವ ಇಪ್ಪತ್ತನಾಲ್ಕು ವರ್ಷದಿಂದ ಕುವೈತಿನ ಒಂದು ದೊಡ್ಡ ಮನೆಯಲ್ಲಿ ಚಹಾ ಕಾಫಿಯ ಉಸ್ತುವಾರಿ ನೋಡಿಕೊಂಡಿದ್ದಾರೆ. ಆ ಮನೆಯ ಯಜಮಾನರು ಅವರ ಬಾಯಲ್ಲಿ ‘ಬಾಬಾ’, ಯಜಮಾನಿ ‘ಮಾಮಾ’. ಇಲ್ಲಿ ಮನೆಗೆಲಸದವರೆಲ್ಲ ಧಣಿಗಳನ್ನು ಹಾಗೆಯೇ ಕರೆಯುವುದು. ಮಾಮಾ ಮತ್ತು ಅವರ ಹೆಣ್ಣುಮಕ್ಕಳು ಸಂಜೆ ಗೋಡೆಯಷ್ಟಗಲದ ಟಿ.ವಿ.ಯಲ್ಲಿ, ಕೆಳಗೆ ಅರಬ್ಬಿ ಅಕ್ಷರ ಓಡುವ ಕೊರಿಯನ್ ಥ್ರಿಲ್ಲರ್ ಹಾಕಿಕೊಂಡು ಕೂರುತ್ತಾರೆ. ಭಾವ ಟ್ರೇ ಹಿಡಿದು ಒಳಗೆ ಹೋಗುತ್ತಾರೆ, ಕಪ್ ಇಡುತ್ತಾರೆ, ಟ್ರೇ ಖಾಲಿಯಾದ ಮೇಲೆ ಹೊರಗೆ ಬರುತ್ತಾರೆ. ಅಷ್ಟರಲ್ಲಿ ಕಂಡದ್ದೇ ಕಂತು! ಉಳಿದದ್ದನ್ನು ಅಡುಗೆಮನೆಯಲ್ಲಿ ಕಪ್ ತೊಳೆಯುತ್ತ ತಾವೇ ಹೆಣೆಯುತ್ತಾರೆ. ಕತೆ ರಂಗೇರಿದಂತೆ ಭಾವ ಕಪ್ ಇಡುವ ವೇಗ ಇಳಿಯುತ್ತ ಹೋಗಿ, ಕೊನೆಗೊಮ್ಮೆ ಮಾಮಾ, ಆರು ಕಪ್ ಇಡಲು ಎಷ್ಟು ಹೊತ್ತು ಬೇಕು, ನಿನಗೆ ಸೊಂಟ ನೋವೇ ಎಂದು ಕೇಳಿದರಂತೆ. ಭಾವ ಹೌದೆಂದರಂತೆ. ಅಂದಿನಿಂದ ಅವರಿಗೆ ನಿಧಾನಿಸಲು ಅಧಿಕೃತ ಪರವಾನಗಿ ಸಿಕ್ಕಿತು, ಜೊತೆಗೊಂದು ನೋವಿನ ಮುಲಾಮು ಕೂಡ.

ಶುಕ್ರವಾರ ಅವರಿಗೆ ರಜೆ. ಬಸ್ಸು ಹಿಡಿದು ಸಾಲ್ಮಿಯಾದ ನಮ್ಮ ಫ್ಲ್ಯಾಟಿಗೆ ಬರುತ್ತಾರೆ. ಇದು ‘ಸೀ ವ್ಯೂ’ ಫ್ಲ್ಯಾಟು. ಬಾತ್‌ರೂಮಿನಲ್ಲಿ ಬಕೆಟ್ ಬೋರಲು ಹಾಕಿ ಹತ್ತಿ ನಿಂತರೆ ಸಮುದ್ರ ನಿಜವಾಗಿಯೂ ಕಾಣುತ್ತದೆ! ನನ್ನ ಹೆಂಡತಿ ಧಾರವಾಡದವಳಾದ್ದರಿಂದ ಮನೆಯಲ್ಲಿ ತುಳು ನಡೆಯುವುದಿಲ್ಲ, ಭಾವ ಅವಳಿಗಾಗಿ ಮಂಗಳೂರು ಕನ್ನಡದಲ್ಲಿ ಕೊರಿಯಾ ಬಿಚ್ಚುತ್ತಾರೆ. ಅವಳೋ ಚಪಾತಿ ಲಟ್ಟಿಸುವುದನ್ನೂ ಮರೆತು, “ಆಮ್ಯಾಲ ಏನಾತ್ರಿ ಅಣ್ಣಾರ?” ಎಂದು ಕಿವಿ ನೆಟ್ಟು ಕೂರುತ್ತಾಳೆ. ತಕರಾರು ತೆಗೆಯುವುದು ನನ್ನ ಮಗಳೊಬ್ಬಳೇ. ಕಾಲೇಜು ಮೆಟ್ಟಿಲು ಹತ್ತಿರುವ ಆಕೆ ಅದೇ ಧಾರಾವಾಹಿಯನ್ನು ಇಂಗ್ಲಿಷ್ ಅಕ್ಷರ ಹಾಕಿಕೊಂಡು ಎರಡೇ ದಿನದಲ್ಲಿ ಮುಗಿಸಿದವಳು. “ಮಾವ, ದಟ್ಸ್ ನಾಟ್ ದ ಸ್ಟೋರಿ” ಎನ್ನುತ್ತಾಳೆ. ಭಾವ ಸ್ವಲ್ಪವೂ ಅಳುಕುವವರಲ್ಲ.

“ನಿನಗೆ ಓದ್ಲಿಕ್ಕೆ ಬರ್ತದೆ ಮಗಾ. ನನಗೆ ನೋಡ್ಲಿಕ್ಕೆ ಬರ್ತದೆ.”

ಇದು ಬರೀ ಬಡಾಯಿಯೂ ಅಲ್ಲ. ಧಾರಾವಾಹಿಯ ದೊಡ್ಡ ಮನೆಗೆ ಸೊಸೆಯಾಗಿ ಬಂದವಳು ದೊಡ್ಡ ಮನೆಯವಳೇ ಅಲ್ಲ, ಕಪ್ ಇಡುವಾಗ ಸದ್ದು ಮಾಡಿದಳು, ಜೊತೆಗೆ ಕೆಲಸದವಳ ಮುಖ ನೋಡಿ ನಕ್ಕಳು ಎಂದು ಭಾವ ಮೊದಲ ವಾರವೇ ತೀರ್ಪು ಕೊಟ್ಟಿದ್ದರು. ಮಗಳು ಬಿಟ್ಟ ಬಾಯಿ ಮುಚ್ಚಲಿಲ್ಲ. ಆಕೆ ವೇಷ ಮರೆಸಿ ಬಂದ ಲಾಂಡ್ರಿಯವಳ ಮಗಳೆಂಬ ಗುಟ್ಟು ಒಂಬತ್ತನೆಯ ಕಂತಿನಲ್ಲಿ ಬಯಲಾಗುವುದಂತೆ! ಕೋಟಿಗಟ್ಟಲೆ ಸುರಿದು ಎಂಟು ಕಂತು ಮುಚ್ಚಿಟ್ಟದ್ದನ್ನು ಟ್ರೇ ಹಿಡಿದ ಮನುಷ್ಯ ಒಂದು ಕಪ್ಪಿನಲ್ಲಿ ಹಿಡಿದುಬಿಟ್ಟಿದ್ದರು.

ಇಂಥ ಭಾವನ ಬಗ್ಗೆ ನನಗೆ ಹೆಮ್ಮೆಯಿರಬೇಕಿತ್ತು. ನನಗಿದ್ದದ್ದು ನಾಚಿಕೆ. ಮುಚ್ಚುಮರೆಯೇಕೆ?

ಅವರಿಗೊಂದು ಚಾಳಿ. ನಾಲ್ಕು ಜನ ಕೂತ ಕಡೆ ಅವರಿಗೆ ಕೂರಲಾಗುವುದಿಲ್ಲ. ಮಗಳ ಹುಟ್ಟುಹಬ್ಬಕ್ಕೆ ನಮ್ಮ ಕನ್ನಡ ಕೂಟದ ಎಂಜಿನಿಯರು, ಡಾಕ್ಟರುಗಳನ್ನೆಲ್ಲ ಕರೆದಿದ್ದೆ. ಭಾವ ಗೋಡೆಗಂಟಿ ನಿಂತರು. ಯಾರದಾದರೂ ಗ್ಲಾಸು ಖಾಲಿಯಾದ ಕ್ಷಣಕ್ಕೆ ಅದು ಮಾಯ! ಡಾಕ್ಟರಮ್ಮನೊಬ್ಬರು ನನ್ನ ಹತ್ತಿರ ಬಂದು, ಕೇಟರಿಂಗ್‌ನವರು ಬಹಳ ಚುರುಕು, ನಂಬರ್ ಕೊಡಿ ಎಂದರು. ನಾನು ನಗುತ್ತ, ಅವರು ನನ್ನ ಭಾವ, ದೊಡ್ಡ ಕುವೈತಿ ಗ್ರೂಪ್ ಒಂದರ ಅಡ್ಮಿನಿಸ್ಟ್ರೇಷನ್‌ನಲ್ಲಿದ್ದಾರೆ, ಸ್ವಲ್ಪ ಸರಳ ಸ್ವಭಾವ ಎಂದೆ. ಭಾವನಿಗೆ ಅದು ಕೇಳಿಸಿತು. ಆ ದಿನವಿಡೀ ಅವರು ಇನ್ನೊಂದು ಗ್ಲಾಸು ಮುಟ್ಟಲಿಲ್ಲ. ಒಂದು ಕುರ್ಚಿಯ ತುದಿಯಲ್ಲಿ ಕೈಕಟ್ಟಿ, ಅಡ್ಮಿನಿಸ್ಟ್ರೇಷನ್‌ನವರು ಹೇಗೆ ಕೂರಬಹುದೋ ಹಾಗೆ ಕೂತರು. ಪಾಪ, ಬೆವರುತ್ತಿದ್ದರು.

ಇನ್ನೊಂದು ಮಾತು ಹೇಳದಿದ್ದರೆ ನನ್ನ ನಾಚಿಕೆಗೆ ಪೂರ್ತಿ ಬೆಲೆ ಬರುವುದಿಲ್ಲ. ನಾನು ಕುವೈತಿಗೆ ಬಂದದ್ದೇ ಈ ಭಾವನಿಂದ. ಅವರು ಬಾಬಾನ ಮುಂದೆ ಮೂರು ತಿಂಗಳು ಕಾಫಿಯ ಜೊತೆ ನನ್ನ ಹೆಸರನ್ನೂ ಬಡಿಸಿ, ಬಾಬಾ ಯಾರಿಗೋ ಫೋನು ಮಾಡಿ, ನನಗೆ ವೀಸಾ ಬಂದಿತ್ತು. ಒಮ್ಮೆ ಬಂದು ಮುದುಕರಿಗೆ ಸಲಾಂ ಹೇಳಿ ಹೋಗು ಎಂದು ಭಾವ ಕರೆಯುತ್ತಲೇ ಇದ್ದರು. ಬರುವ ವಾರ, ಬರುವ ತಿಂಗಳು ಎನ್ನುತ್ತ ನಾನು ಹನ್ನೊಂದು ವರ್ಷ ದಾಟಿಸಿದ್ದೆ. ಅಷ್ಟೇ ಅಲ್ಲ, ಬಾಬಾನ ನಿಜ ಹೆಸರೇನು, ಮನೆ ಎಲ್ಲಿ ಎಂದು ಒಂದು ದಿನವೂ ಕೇಳಿದವನಲ್ಲ. ಶುಕ್ರವಾರ ಭಾವ ಕತೆ ಹೇಳುವಾಗ ನಾನು ಸೋಫಾದಲ್ಲಿ ಮೊಬೈಲು ತಿಕ್ಕುತ್ತಿದ್ದೆ. ಅವರ ವೃತ್ತಿಯ ಪಾಠಗಳೂ ಹಾಗೆಯೇ ನನ್ನ ತಲೆಯ ಮೇಲಿಂದ ಹಾರಿಹೋದವು. ಅರಬ್ಬರ ಕಾಫಿ ಕೊಡುವಾಗ ಪಾತ್ರೆ ಎಡಗೈಯಲ್ಲಿ, ಕಪ್ ಬಲಗೈಯಲ್ಲಿ ಇರಬೇಕು. ಕುಡಿದವರು ಕಪ್ ಮುಂದೆ ಚಾಚಿದರೆ ಮತ್ತೆ ಹಾಕಬೇಕು. ಸಾಕೆನಿಸಿದವರು ಬಾಯಲ್ಲಿ ಹೇಳುವ ಕ್ರಮವಿಲ್ಲ, ಕಪ್ಪನ್ನು ಬೆರಳಲ್ಲೇ ಎಡಬಲ ಅಲ್ಲಾಡಿಸಬೇಕು. ಅಲ್ಲಾಡಿಸುವ ತನಕ ಹಾಕುವವನು ನಿಲ್ಲಿಸುವಂತಿಲ್ಲ. ಇದನ್ನು ಭಾವ ನಮ್ಮ ಮನೆಯಲ್ಲಿ ಹತ್ತು ಸಲವಾದರೂ ಅಭಿನಯಿಸಿ ತೋರಿಸಿದ್ದರು. ಹೆಂಡತಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು.

ಈ ಸಲದ ಈದ್ ಹಬ್ಬಕ್ಕೆ ಸರಿಯಾಗಿ ನಮ್ಮ ಆಫೀಸಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರನ ಕುರ್ಚಿ ಖಾಲಿಯಾಯಿತು. ನಾನು ಯಾರ ಕಾರಿನ ಬ್ರೇಕಿಗೂ ಕೈಹಾಕಲಿಲ್ಲ, ಆದರೆ ಆಸೆಯೇನೂ ಆ ಕೊರಿಯಾದವನಿಗಿಂತ ಕಡಿಮೆಯಿರಲಿಲ್ಲ. ಉತ್ತರ ಭಾರತದವರಾದ ನಮ್ಮ ಜನರಲ್ ಮ್ಯಾನೇಜರು ಹಬ್ಬದ ಬೆಳಿಗ್ಗೆ ದೊಡ್ಡ ಗಿರಾಕಿಯೊಬ್ಬರ ದಿವಾನಿಯಾಕ್ಕೆ, ಅಂದರೆ ಗಂಡಸರು ಕೂತು ಮಾತಾಡುವ ಅವರ ಹೊರಚಾವಡಿಗೆ, ಮುಬಾರಕ್ ಹೇಳಲು ಹೊರಟವರು ನನ್ನೊಬ್ಬನನ್ನೇ ಕಾರಿಗೆ ಹತ್ತಿಸಿಕೊಂಡರು. ಕುರ್ಚಿ ಅರ್ಧ ಸಿಕ್ಕಿತೆಂದುಕೊಂಡೆ. ದಾರಿಯಲ್ಲಿ, ಇಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಿದಾಗ, ಭಾವ ಇದ್ದಾರೆ, ಅಡ್ಮಿನಿಸ್ಟ್ರೇಷನ್ ಎಂದು ಹಳೆಯ ಸುಳ್ಳಿಗೆ ಹೊಸ ಇಸ್ತ್ರಿ ಹಾಕಿದೆ. ಕಾರು ಬ್ನೇದ್ ಅಲ್ ಗಾರ್ ಕಡೆ ತಿರುಗಿ ಒಂದು ದೊಡ್ಡ ಮನೆಯ ಮುಂದೆ ನಿಂತಿತು.

ಉದ್ದನೆಯ ಹಾಲು. ಸುತ್ತಲೂ ಗೋಡೆಗೆ ಒತ್ತಿದ ಆಸನ. ಬಿಳಿ ನಿಲುವಂಗಿಯ ಹಿರಿಯರೊಬ್ಬರ ಕೈ ಕುಲುಕಿ ನಾವು ಕೂತೆವು. ಉದ್ದ ಕೊಕ್ಕಿನ ಹಿತ್ತಾಳೆ ಪಾತ್ರೆ ಹಿಡಿದು, ಕಪ್ಪು ವೇಸ್ಟ್‌ಕೋಟು ತೊಟ್ಟು, ಸಾಲಿನ ಆ ತುದಿಯಿಂದ ಕಾಫಿ ಹಾಕುತ್ತ ಬರುತ್ತಿದ್ದವರು ನನ್ನ ಭಾವ.

ಕೊರಿಯಾದ ಧಾರಾವಾಹಿಯವರು ಕೂಡ ಇಷ್ಟು ಸರಿಯಾದ ಹೊತ್ತಿಗೆ ಯಾರನ್ನೂ ಒಳಗೆ ಕಳಿಸಲಾರರು! ಅಂದರೆ ನಾವು ಕೈ ಕುಲುಕಿದ ಹಿರಿಯರೇ ಬಾಬಾ. ಭಾವನ ಮುಖ ಒಂದು ಕ್ಷಣ ಅರಳಿತು. ಹನ್ನೊಂದು ವರ್ಷ ಕರೆದ ಮೇಲೆ ನಾನು ಬಂದೆನೆಂದು, ಬಾಬಾನಿಗೆ ಸಲಾಂ ಹೇಳಲೆಂದೇ ಬಂದೆನೆಂದು ತಿಳಿದರೋ ಏನೋ. ನಾನು ಕಾರ್ಪೆಟ್ಟಿನ ಹೂವು ಎಣಿಸತೊಡಗಿದೆ. ಭಾವ ಹತ್ತಿರ ಬಂದು ಮೊದಲು ಜನರಲ್ ಮ್ಯಾನೇಜರಿಗೆ, ಆಮೇಲೆ ನನಗೆ ಹಿಡಿ ಇಲ್ಲದ ಪುಟ್ಟ ಕಪ್ಪಿನಲ್ಲಿ ಕಾಫಿ ಕೊಟ್ಟರು. ಜನರಲ್ ಮ್ಯಾನೇಜರು ಹಿಂದಿಯಲ್ಲಿ, ಭಾಯಿ ಎಲ್ಲಿಯವರು ಎಂದು ವಿಚಾರಿಸಿದರು. ಮಂಗಳೂರು ಎಂದರು ಭಾವ. ನಮ್ಮವರು ಖುಷಿಯಿಂದ ನನ್ನತ್ತ ತಿರುಗಿದರು. ಅರೆ, ನಿಮ್ಮೂರಿನವರೇ, ಪರಿಚಯವೇ?

“ಇಲ್ಲ ಸರ್,” ಎಂದೆ. “ಮಂಗಳೂರು ದೊಡ್ಡ ಊರು.”

“ಹೌದು ಸಾಬ್,” ಎಂದರು ಭಾವ. “ದೊಡ್ಡ ಊರು.”

ಅಷ್ಟು ಹೇಳಿ ಪಾತ್ರೆ ಹಿಡಿದು ನಿಂತೇ ಇದ್ದರು. ಕುಡಿದು ಮುಗಿಸಿದರೆ ಅವರು ಮುಂದೆ ಹೋಗುತ್ತಾರೆಂದು ನಾನು ಗಟಗಟನೆ ಕುಡಿದು ಕಪ್ ಚಾಚಿದೆ. ತುಂಬಿತು. ಕುಡಿದೆ, ಅರಬ್ಬರ ಥ್ಯಾಂಕ್ಸ್ ಆದ ‘ಶುಕ್ರನ್’ ಎಂದೆ, ಚಾಚಿದೆ. ತುಂಬಿತು. ಏಲಕ್ಕಿ ಹಾಕಿದ ಆ ಕಹಿ ಎದೆಯಲ್ಲಿ ಉರಿಯತೊಡಗಿತು. ಜನರಲ್ ಮ್ಯಾನೇಜರು ಒಂದಕ್ಕೇ ಕೈಬಿಟ್ಟಿದ್ದರು. ಎದುರಿನವರು ನನ್ನ ಕಾಫಿ ಪ್ರೀತಿಯನ್ನು ಮೆಚ್ಚಿಗೆಯಿಂದ ನೋಡುತ್ತಿದ್ದರು. ನಾಲ್ಕಾಯಿತು, ಐದಾಯಿತು, ಆರಾಯಿತು. ಭಾವ ತುಳುವಿನಲ್ಲಿ ಒಂದು ಮಾತು ಪಿಸುಗುಟ್ಟಿದ್ದರೆ ನಾನು ಬಚಾವು. ಆದರೆ ಪರಿಚಯವಿಲ್ಲದವರ ಜೊತೆ ತುಳು ಮಾತಾಡುವುದುಂಟೇ? ಏಳನೆಯ ಕಪ್ಪಿಗೆ ಚಾಚಿದಾಗ ಅವರು ಸುರಿಯಲಿಲ್ಲ. ಬಲಗೈಯಲ್ಲಿ ಒಂದರೊಳಗೊಂದು ಪೇರಿಸಿ ಹಿಡಿದಿದ್ದ ಖಾಲಿ ಕಪ್ಪುಗಳನ್ನು, ಯಾರಿಗೂ ಗೊತ್ತಾಗದ ಹಾಗೆ, ಒಮ್ಮೆ ಮೆಲ್ಲಗೆ ಎಡಬಲ ಅಲ್ಲಾಡಿಸಿದರು. ನಾನೂ ಹಾಗೇ ಅಲ್ಲಾಡಿಸಿದೆ. ಭಾವ ನನ್ನ ಕಪ್ ತೆಗೆದುಕೊಂಡು ಮುಂದಿನವರ ಕಡೆ ನಡೆದರು.

ಆ ವಾರ ನಾನು ಅನ್ನ ಸರಿಯಾಗಿ ತಿನ್ನಲಿಲ್ಲ. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಶುಕ್ರವಾರ ಭಾವ ಬರುತ್ತಾರೋ ಇಲ್ಲವೋ ಎಂಬುದೊಂದೇ ಯೋಚನೆ. ಬರದಿದ್ದರೆ ಅಕ್ಕನಿಗೆ ಏನು ಹೇಳಲಿ? ಬಂದರೆ ಅವರಿಗೆ ಏನು ಹೇಳಲಿ?

ಬಂದರು. ಮಾಮಾ ಕೊಟ್ಟ ಖರ್ಜೂರದ ಬಿಸ್ಕೆಟ್ಟಿನ ಡಬ್ಬ ಹಿಡಿದು, ಎಂದಿನ ಹೊತ್ತಿಗೇ ಬಂದರು. ಎಂದಿನಂತೆ ನೆಲದ ಮೇಲೆ ಕೂತು, ಧಾರಾವಾಹಿ ಮುಗಿಯಿತು, ಕೊನೆಯ ಕಂತು ಹೇಳುತ್ತೇನೆ ಎಂದರು. ದೊಡ್ಡ ಮನೆಯಲ್ಲಿ ಔತಣ. ಕಂಪನಿಯಲ್ಲಿ ಮೇಲೇರುತ್ತಿರುವ ತಮ್ಮನೊಬ್ಬ ಅತಿಥಿಯಾಗಿ ಬಂದಿದ್ದಾನೆ. ಆ ಮನೆಯಲ್ಲಿ ಚಹಾ ಹಿಡಿದು ನಿಂತವನು ಅವನನ್ನು ಸಾಕಿ ಬೆಳೆಸಿದ ಅಣ್ಣ. ಇವನ ಪರಿಚಯ ಉಂಟಾ ಎಂದು ಯಾರೋ ಕೇಳುತ್ತಾರೆ. ತಮ್ಮ ಇಲ್ಲ ಎನ್ನುತ್ತಾನೆ.

“ಅವನ ಬಾಯಾಗ ಮಣ್ಣ ಬೀಳ್ಲಿ,” ಎಂದಳು ನನ್ನ ಹೆಂಡತಿ, ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕುತ್ತ. “ಸ್ವಂತ ಅಣ್ಣಗ ಹಿಂಗ ಅಂದಾನಲ್ರೀ!”

ಮಗಳು ಎಂದಿನ ತಕರಾರಿಗೆ ಬಾಯಿ ತೆರೆದವಳು, ಮಾವನ ಮುಖ ನೋಡಿ ಸುಮ್ಮನಾದಳು.

“ಹಾಗೆ ಹೇಳ್ಬೇಡ ತಂಗೀ,” ಎಂದರು ಭಾವ. “ಅವ ಕೆಟ್ಟವ ಅಲ್ಲ. ಏಣಿ ಹತ್ತುವವನ ಎರಡು ಕೈಯೂ ಏಣಿಯಲ್ಲೇ ಇರ್ತದೆ. ಕೆಳಗಿದ್ದವರಿಗೆ ಕೈ ಬೀಸ್ಲಿಕ್ಕೆ ಆಗ್ತದಾ? ಅಣ್ಣನಿಗೆ ಅದು ಗೊತ್ತುಂಟು.”

ನನ್ನತ್ತ ಒಮ್ಮೆಯೂ ನೋಡಲಿಲ್ಲ. ತಾವು ಉಂಡ ತಟ್ಟೆ ತಾವೇ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಬಾಗಿಲು ಮುಚ್ಚಿದ ಮೇಲೆ ಮಗಳು ನನ್ನ ಪಕ್ಕಕ್ಕೆ ಬಂದಳು.

“ಅಪ್ಪಾ, ದೇರ್ ಈಸ್ ನೋ ಬ್ರದರ್. ಇಡೀ ಸೀರೀಸಲ್ಲಿ ಅಣ್ಣತಮ್ಮ ಅಂತ ಇಲ್ಲವೇ ಇಲ್ಲ.”

ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಮುದ್ರ ನೋಡಲಿಲ್ಲ.

ಭಾನುವಾರ ಆಫೀಸಿಗೆ ಹೋದವನೇ ಜನರಲ್ ಮ್ಯಾನೇಜರ ಮುಂದೆ ನಿಂತು, ಅಂದು ಕಾಫಿ ಹಾಕಿದವರು ನನ್ನ ಸ್ವಂತ ಅಕ್ಕನ ಗಂಡ, ನಾನು ಸುಳ್ಳು ಹೇಳಿದ್ದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಮೊಬೈಲಿನಿಂದ ತಲೆ ಎತ್ತದೆ, “ಅಚ್ಛಾ,” ಎಂದರು. ಇನ್ನೂ ಸ್ವಲ್ಪ ಹೊತ್ತು ನಿಂತೆ. ಕಾಫಿ ಚೆನ್ನಾಗಿತ್ತು ಎಂದರು. ಅಷ್ಟೇ! ಇದಕ್ಕಾಗಿ ನಾನು ಭಾವನನ್ನು ತುಂಬಿದ ಸಭೆಯಲ್ಲಿ ಇಲ್ಲವೆಂದಿದ್ದೆ.

ಮುಂದಿನ ಶುಕ್ರವಾರ ಭಾವ ಬಂದಾಗ ಹೆಂಡತಿಯ ಕೈಯಿಂದ ಚಹಾದ ಫ್ಲಾಸ್ಕ್ ನಾನು ತೆಗೆದುಕೊಂಡೆ. ಅಭ್ಯಾಸಬಲದಿಂದ ಭಾವ ಏಳಹೊರಟರು. ಅವರ ಭುಜ ಹಿಡಿದು ಸೋಫಾದಲ್ಲಿ ಕೂರಿಸಿದೆ. ಎಡಗೈಯಲ್ಲಿ ಫ್ಲಾಸ್ಕ್, ಬಲಗೈಯಲ್ಲಿ ಕಪ್. ಹಾಕಿ ಕೊಟ್ಟು, ಎದುರಿಗೆ ನಿಂತೆ.

“ಭಾವ, ಆ ತಮ್ಮ ಆಮೇಲೆ ಅಣ್ಣನ ಹತ್ರ ಎಂತ ಹೇಳಿದ?”

ಭಾವ ಒಂದು ಗುಟುಕು ಹೀರಿದರು.

“ಅಷ್ಟೊತ್ತಿಗೆ ಟ್ರೇ ಖಾಲಿ ಆಯ್ತು ಮಾರಾಯ. ನಾನು ಹೊರಗೆ ಬಂದೆ.”

“ನನಗೆ ಗೊತ್ತುಂಟು,” ಎಂದೆ. “ತಪ್ಪಾಯ್ತು ಅಂತ ಹೇಳಿದ.”

ಹೆಂಡತಿ ನನ್ನನ್ನೂ ಅವರನ್ನೂ ನೋಡಿದಳು. ಭಾವ ಚಹಾ ಕುಡಿದು ಮುಗಿಸಿ, ಖಾಲಿ ಕಪ್ಪನ್ನು ಮುಂದೆ ಚಾಚಿದರು. ಅಲ್ಲಾಡಿಸಲಿಲ್ಲ. ನಾನು ಮತ್ತೆ ಹಾಕಿದೆ.